ಮೂತ್ರ ಸೋರುತ್ತಿದೆಯೇ? ನಾಚಿಕೆ ಬಿಡಿ, ಹಿಡಿತ ಮರಳಿ ಬರುತ್ತೆ

ಕೆಮ್ಮಿದರೆ ಒಂದು ಹನಿ, ಜೋರಾಗಿ ನಕ್ಕರೆ ಎರಡು ಹನಿ. ಹೆರಿಗೆಯಾದ ಎಷ್ಟೋ ಹೆಂಗಸರು ಈ ಕಷ್ಟವನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ಸಹಿಸಿಕೊಂಡಿರುತ್ತಾರೆ. ಮದುವೆ ಮನೆಗೆ ಹೋದರೆ ಮೊದಲು ಹುಡುಕುವುದು ಬಚ್ಚಲು ಎಲ್ಲಿದೆ ಅಂತ. ಬಸ್ ಪ್ರಯಾಣವೆಂದರೆ ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಇದೇ ಸಂಕಟವನ್ನು ಇನ್ನೂ ಹೆಚ್ಚು ಗುಟ್ಟಾಗಿ ಅನುಭವಿಸುವ ಇನ್ನೊಂದು ಗುಂಪು ನಮ್ಮ ನಡುವೆಯೇ ಇದೆ. ಅವರೇ ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಜನ ಸಾಮಾನ್ಯವಾಗಿ ‘ಲಿಂಗ ಬದಲಾವಣೆ ಆಪರೇಷನ್’ ಅನ್ನುವುದು ಇದಕ್ಕೇ.

2021ರ ನವೆಂಬರ್‌ನಲ್ಲಿ ಮಂಜಮ್ಮ ಜೋಗತಿ ಅವರು ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ಟಿ.ವಿ.ಯಲ್ಲಿ ನೋಡಿ ನಾವೆಲ್ಲ ಸಂತೋಷಪಟ್ಟೆವು. ಆದರೆ ನಮ್ಮದೇ ಮನೆಯಲ್ಲಿ, ಅಕ್ಕನ ಮನೆಯಲ್ಲಿ, ಪಕ್ಕದ ಫ್ಲ್ಯಾಟಿನಲ್ಲಿ ಅಂಥದೊಂದು ಮಗು ಆಪರೇಷನ್ ಮುಗಿಸಿ ಬಂದಾಗ ಏನು ಕೇಳಬೇಕು, ಹೇಗೆ ನೋಡಿಕೊಳ್ಳಬೇಕು ಅಂತಲೇ ಗೊತ್ತಾಗುವುದಿಲ್ಲ. ಅವರೂ ಬಾಯಿ ಬಿಡುವುದಿಲ್ಲ. ‘ನೀನೇ ಮಾಡಿಸಿಕೊಂಡದ್ದು, ಅನುಭವಿಸು’ ಎಂಬ ಮಾತು ಬಂದೀತೆಂಬ ಭಯ. ಹಾಗಾಗಿ ಸೋರಿಕೆಯನ್ನು ಮುಚ್ಚಿಟ್ಟು, ನೀರು ಕಡಿಮೆ ಮಾಡಿ, ಮನೆಯಲ್ಲೇ ಉಳಿದುಬಿಡುತ್ತಾರೆ.

ಮೊದಲಿಗೆ ಒಂದು ವಿಷಯ ತಿಳಿದುಕೊಳ್ಳಿ. ಈ ತೊಂದರೆ ಬಹುಮಟ್ಟಿಗೆ ಸರಿಹೋಗುವಂಥದು. ಹೆರಿಗೆಯಾದ ಹೆಣ್ಣಿಗೆ ಹೇಳಿಕೊಡುವ ವ್ಯಾಯಾಮವೇ ಇಲ್ಲೂ ಮುಖ್ಯ ಮದ್ದು.

ಹೀಗೇಕಾಗುತ್ತದೆ?

ನಮ್ಮ ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ತೊಟ್ಟಿಲ ಬಟ್ಟೆಯಂತೆ ಹರಡಿಕೊಂಡ ಸ್ನಾಯುಗಳಿವೆ. ಇವನ್ನು ಪೆಲ್ವಿಕ್ ಫ್ಲೋರ್ ಸ್ನಾಯುಗಳು ಎನ್ನುತ್ತಾರೆ. ಮೂತ್ರಕೋಶ ಮತ್ತು ಕರುಳನ್ನು ಕೆಳಗಿನಿಂದ ಆಧರಿಸುವುದು, ಬೇಕೆಂದಾಗ ಬಿಗಿದು ಬೇಕೆಂದಾಗ ಸಡಿಲವಾಗುವುದು ಇವುಗಳ ಕೆಲಸ. ಇವು ಗಂಡು ಹೆಣ್ಣು ಎಲ್ಲರಲ್ಲೂ ಇರುತ್ತವೆ.

ಟ್ರಾನ್ಸ್ ಮಹಿಳೆಯರಿಗೆ ಯೋನಿ ರಚಿಸುವಾಗ ಮೂತ್ರಕೋಶ ಮತ್ತು ಗುದನಾಳದ ನಡುವೆ ಹೊಸ ಜಾಗ ಮಾಡಬೇಕು. ಶಸ್ತ್ರಚಿಕಿತ್ಸಕರು ಇದೇ ಸ್ನಾಯುಗಳ ನಡುವಿನಿಂದ ದಾರಿ ಬಿಡಿಸುತ್ತಾರೆ. ಮೂತ್ರನಾಳವನ್ನೂ ಗಿಡ್ಡ ಮಾಡಿ ಹೊಸ ಜಾಗದಲ್ಲಿ ಕೂರಿಸುತ್ತಾರೆ. ಊತ, ಗಾಯ, ನರಗಳ ಮೇಲಿನ ಒತ್ತಡ ಎಲ್ಲ ಸೇರಿ ಸ್ವಲ್ಪ ಕಾಲ ಹಿಡಿತ ತಪ್ಪುತ್ತದೆ. ಕೆಮ್ಮಿದಾಗ ಸೋರುವುದು, ಒಮ್ಮೆಲೇ ಅವಸರವಾಗುವುದು, ಹೋಗಿ ಬಂದ ಮೇಲೂ ತೊಟ್ಟಿಕ್ಕುವುದು ಆಗಬಹುದು.

ಔಷಧಿಯೂ ಕಾರಣವಾಗಬಹುದು. ಪುರುಷ ಹಾರ್ಮೋನು ತಗ್ಗಿಸಲು ಕೆಲವರಿಗೆ ಕೊಡುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ಮೂತ್ರ ಹೆಚ್ಚಿಸುವ ಗುಣದ್ದು. ವೃಷಣ ತೆಗೆದ ಮೇಲೆ ಈ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ತಾವಾಗಿಯೇ ನಿಲ್ಲಿಸಬೇಡಿ.

ಮೊದಲ ವಾರಗಳು

ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಸುಮಾರು ಒಂದು ವಾರ ಮೂತ್ರಕ್ಕೆ ನಳಿಗೆ (ಕ್ಯಾತಿಟರ್) ಇರುತ್ತದೆ. ಅದನ್ನು ತೆಗೆದ ದಿನ ಮೂತ್ರ ಸರಾಗವಾಗಿ ಬಂತೇ ಎಂದು ಆಸ್ಪತ್ರೆಯಲ್ಲೇ ನೋಡುತ್ತಾರೆ. ಮೊದಮೊದಲು ಧಾರೆ ಅಡ್ಡಾದಿಡ್ಡಿ ಚಿಮ್ಮಬಹುದು, ತೊಡೆಯೆಲ್ಲ ಒದ್ದೆಯಾಗಬಹುದು. ಗಾಬರಿ ಬೇಡ. ಊತ ಇಳಿದಂತೆ ಎಷ್ಟೋ ಜನರಿಗೆ ಇದು ಸರಿಹೋಗುತ್ತದೆ. ಕೆಲವು ವಾರ ಅಥವಾ ತಿಂಗಳು ಹಿಡಿಯಬಹುದು.

ಕಮೋಡಿನ ಮೇಲೆ ಪೂರ್ತಿ ಕೂತು, ಸ್ವಲ್ಪ ಮುಂದಕ್ಕೆ ಬಾಗಿ, ಮುಕ್ಕದೆ ನಿಧಾನವಾಗಿ ಹೋಗಲಿ. ಮುಗಿಯಿತು ಅನಿಸಿದ ಮೇಲೂ ಒಂದು ನಿಮಿಷ ಕೂತು ಇನ್ನೊಮ್ಮೆ ಪ್ರಯತ್ನಿಸಿದರೆ ಉಳಿದದ್ದೂ ಹೊರಬರುತ್ತದೆ. ತೊಳೆಯುವುದು, ಒರೆಸುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ. ಮೂತ್ರನಾಳ ಗಿಡ್ಡವಾಗಿರುವುದರಿಂದ ಸೋಂಕು ಬೇಗ ಒಳಗೆ ಹೋಗುತ್ತದೆ. ಡೈಲೇಟರ್ ಬಳಸುವ ಮೊದಲೂ ಮೂತ್ರಕೋಶ ಖಾಲಿ ಮಾಡಿಕೊಳ್ಳಲಿ.

ಬಿಗಿಯುವುದು ಅರ್ಧ ಪಾಠ, ಬಿಡುವುದು ಇನ್ನರ್ಧ

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮವಿದು. ಅವರ ಹೆಸರಿನಲ್ಲೇ ಇದು ಪ್ರಸಿದ್ಧ. ಯೋಗ ತರಗತಿಗೆ ಹೋಗುವವರಿಗೆ ಮೂಲಬಂಧ ಅಂದರೆ ತಕ್ಷಣ ಅಂದಾಜು ಸಿಗುತ್ತದೆ. ಗಾಯ ಒಣಗಿ, ಶಸ್ತ್ರಚಿಕಿತ್ಸಕರು ಒಪ್ಪಿಗೆ ಕೊಟ್ಟ ಮೇಲಷ್ಟೇ ಶುರು ಮಾಡಬೇಕು.

* ಮಂಡಿ ಮಡಚಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಗ್ಯಾಸ್ ತಡೆಹಿಡಿಯುತ್ತೀರಲ್ಲ, ಹಾಗೆ ಹಿಂದಿನಿಂದ ಬಿಗಿದು, ಮೂತ್ರ ತಡೆಯುವಂತೆ ಮುಂದಕ್ಕೂ ಎಳೆದುಕೊಳ್ಳಿ. ಒಳಗಡೆ ಏನೋ ಮೇಲಕ್ಕೆ ಎದ್ದಂತೆ ಅನಿಸಿದರೆ ಸರಿಯಾದ ಸ್ನಾಯು ಸಿಕ್ಕಿತು.
* ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು. ಉಸಿರು ಕಟ್ಟಬಾರದು. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ.
* 3ರಿಂದ 5 ಸೆಕೆಂಡ್ ಹಿಡಿಯಿರಿ. ಅಷ್ಟೇ ಹೊತ್ತು ಅಥವಾ ಅದರ ಎರಡರಷ್ಟು ಹೊತ್ತು ಪೂರ್ತಿ ಸಡಿಲ ಬಿಡಿ. ಹೀಗೆ 8ರಿಂದ 10 ಸಲ, ದಿನಕ್ಕೆ 3 ಬಾರಿ. ಅಭ್ಯಾಸವಾದಂತೆ 10 ಸೆಕೆಂಡ್‌ವರೆಗೆ ಏರಿಸಬಹುದು.
* ಕೆಮ್ಮು, ಸೀನು ಬರುವ ಮುನ್ನ, ತೂಕ ಎತ್ತುವ ಮುನ್ನ ಒಮ್ಮೆ ಬಿಗಿದುಕೊಳ್ಳಿ.
* ಮೂತ್ರ ಮಾಡುತ್ತಿರುವಾಗಲೇ ಮಧ್ಯೆ ಮಧ್ಯೆ ತಡೆದು ವ್ಯಾಯಾಮ ಮಾಡುವ ಅಭ್ಯಾಸ ಬೇಡ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ಸಡಿಲ ಬಿಡುವುದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನೋವು, ಭಯದಿಂದ ಕೆಲವರ ಸ್ನಾಯುಗಳು ದಿನವಿಡೀ ಬಿಗಿದುಕೊಂಡೇ ಇರುತ್ತವೆ. ಮುಷ್ಟಿ ಗಂಟೆಗಟ್ಟಲೆ ಬಿಗಿಹಿಡಿದರೆ ಕೈ ಸೋಲುತ್ತದಲ್ಲ, ಇದೂ ಹಾಗೇ. ಡೈಲೇಟರ್ ಹಾಕುವಾಗ ತುಂಬಾ ನೋವು, ಮೂತ್ರ ಶುರುವಾಗಲು ಕಷ್ಟ ಅನ್ನುವವರು ಬಿಗಿಯುವ ವ್ಯಾಯಾಮ ಹೆಚ್ಚು ಮಾಡಿದರೆ ತೊಂದರೆ ಜಾಸ್ತಿಯಾಗುತ್ತದೆ. ಅಂಥವರು ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರಾಡುವುದನ್ನು ಮೊದಲು ಕಲಿಯಬೇಕು. ಪೆಲ್ವಿಕ್ ಫ್ಲೋರ್ ಬಗ್ಗೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ಗಳು ದೊಡ್ಡ ಊರುಗಳಲ್ಲಿದ್ದಾರೆ. ಸಾಧ್ಯವಾದರೆ ಆಪರೇಷನ್‌ಗೆ ಮೊದಲೇ ಒಮ್ಮೆ ಕಂಡು ವ್ಯಾಯಾಮ ಕಲಿತಿದ್ದರೆ ಆಮೇಲೆ ಸುಲಭ.

ನಾಲ್ಕು ದಿನ ಮಾಡಿ ‘ಏನೂ ಉಪಯೋಗವಿಲ್ಲ’ ಅಂತ ಬಿಡಬೇಡಿ. ವ್ಯತ್ಯಾಸ ಕಾಣಲು ಆರರಿಂದ ಹನ್ನೆರಡು ವಾರ ಬೇಕು.

ಮೂತ್ರಕೋಶಕ್ಕೂ ತರಬೇತಿ

ಸೋರೀತೆಂದು ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಓಡಿದರೆ ಮೂತ್ರಕೋಶ ಅದನ್ನೇ ರೂಢಿ ಮಾಡಿಕೊಳ್ಳುತ್ತದೆ. ಎಷ್ಟು ಹೊತ್ತಿಗೆ ಹೋಗುತ್ತೀರಿ, ಯಾವಾಗ ಸೋರಿತು ಎಂದು ಮೂರು ದಿನ ಬರೆದಿಡಿ. ಗಂಟೆಗೊಮ್ಮೆ ಹೋಗುತ್ತಿದ್ದರೆ ಅದಕ್ಕೆ 15 ನಿಮಿಷ ಸೇರಿಸಿ. ಅದು ಒಗ್ಗಿದ ಮೇಲೆ ಇನ್ನೊಂದು 15 ನಿಮಿಷ. ಅವಸರ ಬಂದಾಗ ಓಡಬೇಡಿ. ಕೂತು, ನಾಲ್ಕೈದು ಸಲ ಬೇಗ ಬೇಗ ಬಿಗಿದು ಬಿಟ್ಟು, ಅವಸರ ತಗ್ಗಿದ ಮೇಲೆ ನಡೆದು ಹೋಗಿ. ಹಗಲಲ್ಲಿ ಎರಡರಿಂದ ಮೂರು ಗಂಟೆ ತಡೆಯುವಂತಾದರೆ ಗೆದ್ದಂತೆಯೇ. ಆದರೆ ಸೋಂಕು ಇರುವಾಗ, ಅಥವಾ ಮೂತ್ರ ಕಟ್ಟುತ್ತಿದ್ದರೆ ಈ ತರಬೇತಿ ಬೇಡ.

ಅಡುಗೆಮನೆಯಲ್ಲಿ ಏನು ಮಾಡಬಹುದು?

ನೀರು ಕಡಿಮೆ ಮಾಡುವುದು ಎಲ್ಲರೂ ಮಾಡುವ ತಪ್ಪು. ಮೂತ್ರ ಗಾಢವಾದಷ್ಟೂ ಮೂತ್ರಕೋಶ ಕೆರಳುತ್ತದೆ, ಸೋಂಕೂ ಹೆಚ್ಚು. ಒಂದೇ ಸಲ ಚೊಂಬುಗಟ್ಟಲೆ ಕುಡಿಯುವ ಬದಲು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಲಿ. ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿದರೆ ಸಾಕು. ಕಾಫಿ, ಟೀ, ಕೋಲಾ ಕೆಲವರಿಗೆ ಅವಸರ ಹೆಚ್ಚಿಸುತ್ತವೆ. ಸ್ಟ್ರಾಂಗ್ ಫಿಲ್ಟರ್ ಕಾಫಿ ದಿನಕ್ಕೆ ನಾಲ್ಕು ಲೋಟ ಅನ್ನುವವರು ಒಂದಕ್ಕೆ ಇಳಿಸಿ ನೋಡಲಿ.

ಮಲಬದ್ಧತೆ ಈ ಸ್ನಾಯುಗಳ ದೊಡ್ಡ ಶತ್ರು. ಮುಕ್ಕಿದಷ್ಟೂ ತಳ ಸಡಿಲವಾಗುತ್ತದೆ. ಸೊಪ್ಪಿನ ಹುಳಿ, ಮೊಳಕೆ ಕಾಳಿನ ಉಸಲಿ, ಪಪ್ಪಾಯಿ ಹಣ್ಣು ದಿನದ ಊಟದಲ್ಲಿರಲಿ. ತಂಪೆಂದು ದಿನಾ ಎಳನೀರು ಕೊಡುವವರು ಸ್ವಲ್ಪ ಗಮನಿಸಿ: ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುವವರ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಎಳನೀರಿನಲ್ಲೂ ಅದು ಹೆಚ್ಚು. ವೈದ್ಯರನ್ನು ಕೇಳಿಯೇ ಕೊಡಿ.

ಟ್ರಾನ್ಸ್ ಪುರುಷರಲ್ಲಿ

ಹೆಣ್ಣಾಗಿ ಹುಟ್ಟಿದರೆಂದು ದಾಖಲಾಗಿ, ಗಂಡಾಗಿ ಬದುಕುತ್ತಿರುವವರಲ್ಲಿ ಕೆಲವರು ಮೂತ್ರನಾಳ ಉದ್ದ ಮಾಡಿಸಿಕೊಳ್ಳುತ್ತಾರೆ. ಇವರಲ್ಲಿ ಮೂತ್ರ ಮುಗಿದ ಮೇಲೆ ನಾಳದಲ್ಲಿ ಉಳಿದದ್ದು ಬಟ್ಟೆಗೆ ತೊಟ್ಟಿಕ್ಕುವುದು ಸಾಮಾನ್ಯ. ನಾಳದ ಬುಡದಿಂದ ತುದಿಯತ್ತ ಬೆರಳಿನಿಂದ ಮೆಲ್ಲಗೆ ಒತ್ತಿ ಸವರಿದರೆ ಅದು ಹೊರಬರುತ್ತದೆ. ನಾಳ ಕಿರಿದಾಗುವುದು, ಬೇರೆ ಕಡೆ ರಂಧ್ರ ಬಿದ್ದು ಸೋರುವುದು ಈ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಕಾಣುವ ತೊಡಕುಗಳು. ಇವಕ್ಕೆ ವ್ಯಾಯಾಮ ಸಾಲದು, ಶಸ್ತ್ರಚಿಕಿತ್ಸಕರೇ ನೋಡಬೇಕು.

ತಡ ಮಾಡದೆ ವೈದ್ಯರನ್ನು ಕಾಣಿ

* ಹೊಟ್ಟೆ ಬಿಗಿದರೂ ಮೂತ್ರವೇ ಬಾರದಿದ್ದರೆ
* ಧಾರೆ ದಿನೇ ದಿನೇ ದಾರದಂತೆ ಸಣ್ಣಗಾಗುತ್ತಿದ್ದರೆ, ಮುಕ್ಕಿದರಷ್ಟೇ ಬರುತ್ತಿದ್ದರೆ
* ಹಗಲು ರಾತ್ರಿ ನಿಲ್ಲದೆ ಸೋರುತ್ತಿದ್ದರೆ
* ಯೋನಿಯ ಮೂಲಕ ಮೂತ್ರ, ಮಲ ಅಥವಾ ಗ್ಯಾಸ್ ಬರುತ್ತಿದ್ದರೆ
* ಉರಿಮೂತ್ರ, ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ಮೂತ್ರದಲ್ಲಿ ರಕ್ತ ಕಂಡರೆ

ತಾಯಂದಿರ ಎರಡು ಪ್ರಶ್ನೆಗಳು

*ಬೇರೆ ಡಾಕ್ಟರ್ ಹತ್ತಿರ ಹೋದರೆ ಆಪರೇಷನ್ ವಿಷಯ ಹೇಳಲೇಬೇಕೇ?*

ಹೇಳಲೇಬೇಕು. ಮುಚ್ಚಿಟ್ಟರೆ ಪರೀಕ್ಷೆ, ಔಷಧಿ ಎರಡೂ ತಪ್ಪಾಗಬಹುದು. ಟ್ರಾನ್ಸ್ ಮಹಿಳೆಯರಲ್ಲಿ ಯೋನಿ ರಚಿಸಿದ ಮೇಲೂ ಪ್ರಾಸ್ಟೇಟ್ ಗ್ರಂಥಿಯನ್ನು ಹಾಗೇ ಉಳಿಸಿರುತ್ತಾರೆ. ವಯಸ್ಸಾದ ಮೇಲೆ ಮೂತ್ರದ ತೊಂದರೆ ಬಂದರೆ ಅದನ್ನೂ ನೋಡಬೇಕಾಗುತ್ತದೆ. ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಜೊತೆಗಿರಲಿ.

*ಖರ್ಚು ಹೇಗೆ ತೂಗಿಸುವುದು?*

ಲಿಂಗತ್ವ ಅಲ್ಪಸಂಖ್ಯಾತರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ವಿಮೆ ಕೊಡಲು 2022ರ ಆಗಸ್ಟ್‌ನಲ್ಲಿ ಕೇಂದ್ರದ ಮಟ್ಟದಲ್ಲಿ ಒಪ್ಪಂದವಾಯಿತು. ಗುರುತಿನ ಪ್ರಮಾಣಪತ್ರ ಹಿಡಿದು ಆಸ್ಪತ್ರೆಯ ಆಯುಷ್ಮಾನ್ ಕೌಂಟರ್‌ನಲ್ಲಿ ವಿಚಾರಿಸಿ. ವ್ಯಾಯಾಮಕ್ಕಂತೂ ಖರ್ಚೇ ಇಲ್ಲ.

ಮನೆಯವರ ಪಾತ್ರ

ಬಚ್ಚಲಲ್ಲಿ ಒಗೆಯಲು ಹಾಕಿದ ಬಟ್ಟೆ ನೋಡಿ ಮುಖ ಸಿಂಡರಿಸಬೇಡಿ. ತೆಳು ಪ್ಯಾಡ್‌ಗಳನ್ನು ತಂದು ಕಪಾಟಿನಲ್ಲಿಡಿ, ಒದ್ದೆಯಾದಾಗಲೆಲ್ಲ ಬದಲಿಸಲಿ. ಹೊರಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಜೊತೆ ಒಳಬಟ್ಟೆ ಇರಲಿ. ‘ಬಾಣಂತನದಲ್ಲಿ ನನಗೂ ಹೀಗೇ ಆಗಿತ್ತು ಕಣೇ’ ಅಂತ ಒಬ್ಬ ತಾಯಿ ಹೇಳಿದರೆ ಆ ಮಗಳ ಎದೆಯ ಭಾರ ಎಷ್ಟೋ ಇಳಿಯುತ್ತದೆ. ನಿಮಗೂ ಈಗ ಅದೇ ತೊಂದರೆ ಇದ್ದರೆ ಬೆಳಗಿನ ಹತ್ತು ನಿಮಿಷ ಇಬ್ಬರೂ ಒಟ್ಟಿಗೇ ಚಾಪೆ ಹಾಸಿ ಈ ವ್ಯಾಯಾಮ ಮಾಡಿ. ಇಬ್ಬರಿಗೂ ಪ್ರಯೋಜನವಾಗುತ್ತದೆ.