ನಾಯಿಯ ಚಿಗಟಕ್ಕೆ ತೋಟದ ಮದ್ದು ಬೇಡ

ನಮ್ಮ ಅಡಿಕೆ, ತೆಂಗಿನ ತೋಟಗಳಿಗೆ ನಾಯಿಯೇ ಕಾವಲು. ಹಂದಿ ಬಂದರೂ ಹಾವು ಬಂದರೂ ಮೊದಲು ಬೊಗಳುವುದು ಅದೇ. ಆ ನಾಯಿ ಹಗಲಿಡೀ ಮೈ ಕೆರೆದುಕೊಂಡು, ಬಾಲದ ಬುಡದಲ್ಲಿ ರೋಮ ಉದುರತೊಡಗಿದರೆ ಚಿಗಟವಿದೆಯೇ ಎಂದು ನೋಡಬೇಕು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಹಾಕಿರಿ. ಸುತ್ತಲೂ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ.

ಕೂಡಲೇ ಹಲವರ ಕೈ ಹೋಗುವುದು ಹಟ್ಟಿಯ ಮೂಲೆಯಲ್ಲಿರುವ ತೋಟದ ಮದ್ದಿನ ಬಾಟಲಿಗೆ. ಇದು ಬಹಳ ಅಪಾಯ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲಾದ ಕೀಟನಾಶಕಗಳು ಚರ್ಮದ ಮೂಲಕ ಒಳಸೇರಿ ನರಗಳಿಗೆ ಹಾನಿ ಮಾಡುತ್ತವೆ. ಮೈ ನೆಕ್ಕುವಾಗ ನಾಯಿಯ ಹೊಟ್ಟೆಗೂ ಹೋಗುತ್ತವೆ. ಹಚ್ಚಿದವರ ಕೈಗೂ, ನಾಯಿಯೊಡನೆ ಆಡುವ ಮಕ್ಕಳಿಗೂ ತಗಲುತ್ತವೆ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ ನಮ್ಮದು. ಎಣ್ಮಕಜೆಯಂಥ ಊರುಗಳ ಸಂಕಟವನ್ನು ಕಂಡ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿದ್ದು 2011ರಲ್ಲಿ. ಹೊಗೆಸೊಪ್ಪಿನ ಕಷಾಯ, ಸೀಮೆಎಣ್ಣೆ ಕೂಡ ನಾಯಿಗೆ ವಿಷವೇ.

ಹಾಗಾದರೆ ಯಾವ ಮದ್ದನ್ನು ಆರಿಸಬೇಕು?

1. ಹನಿಮದ್ದು: ಫಿಪ್ರೋನಿಲ್ ಇರುವ ಹನಿಮದ್ದನ್ನು, ನಾಯಿಗೆ ನೆಕ್ಕಲು ಸಿಗದಂತೆ ಕುತ್ತಿಗೆಯ ಹಿಂದೆ ರೋಮ ಬಿಡಿಸಿ ಚರ್ಮಕ್ಕೆ ಬಿಡಬೇಕು. ಸುಮಾರು ಒಂದು ತಿಂಗಳು ಫಲ ಕೊಡುತ್ತದೆ. ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಮಾಡಿಸಬಾರದು. ಇದೇ ಹೆಸರಿನ ಬೆಳೆಯ ಮದ್ದೂ ಅಂಗಡಿಯಲ್ಲಿದೆ; ಅದು ನಾಯಿಗಲ್ಲ.

2. ಮಾತ್ರೆ: ಅಫಾಕ್ಸೊಲಾನರ್ ತಿಂಗಳಿಗೊಮ್ಮೆ, ಫ್ಲುರಾಲಾನರ್ ಸುಮಾರು 12 ವಾರಕ್ಕೊಮ್ಮೆ. ಬೆಲೆ ಹೆಚ್ಚು. ಆದರೆ ಮಳೆಗಾಲದಲ್ಲಿ ತೋಟದಲ್ಲಿ ನೆನೆಯುವ ನಾಯಿಗೆ ಇದೇ ಅನುಕೂಲ, ನೀರಿಗೆ ತೊಳೆದುಹೋಗುವುದಿಲ್ಲ. ಸೆಳೆತ ಬರುವ ನಾಯಿಯಾದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

3. ಪರ್ಮೆಥ್ರಿನ್: ನಾಯಿಗೆಂದೇ ಮಾಡಿದ ಈ ಮದ್ದು ಬೆಕ್ಕಿಗೆ ಪ್ರಾಣಾಂತಿಕ. ನಾಯಿ ಬೆಕ್ಕು ಒಟ್ಟಿಗೆ ಮಲಗುವ ಮನೆಯಲ್ಲಿ ಇದು ಬೇಡ.

ಯಾವುದೇ ಆದರೂ ನಾಯಿಯ ತೂಕಕ್ಕೆ ಸರಿಯಾದ ಪ್ರಮಾಣವಿರಲಿ. ಎಂಟು ವಾರ ತುಂಬದ ಮರಿಗೆ ಬಾಚಣಿಗೆಯೇ ಒಳ್ಳೆಯದು; ಮದ್ದು ಬೇಕೇ ಎಂದು ಮೃಗಾಸ್ಪತ್ರೆಯಲ್ಲಿ ಕೇಳಿರಿ.

ಮದ್ದು ಹಾಕಿದರೂ ಚಿಗಟ ಮತ್ತೆ ಬಂತೆಂದು ಹಲವರು ದೂರುತ್ತಾರೆ. ಕಾರಣ ಸರಳ. ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಅವು ನಾಯಿಯ ಮೈಯಿಂದ ಉದುರಿ, ಗೋಣಿಯಲ್ಲೂ ಧೂಳಿನಲ್ಲೂ ನೆಲದ ಬಿರುಕಿನಲ್ಲೂ ಮರಿಯಾಗಿ, ಗೂಡು ಕಟ್ಟಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತವೆ. ಆದುದರಿಂದ ನಾಯಿ ಮಲಗುವ ಗೋಣಿಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ, ಜಾಗವನ್ನು ಗುಡಿಸಿರಿ. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಅವಕ್ಕೆ ತಕ್ಕ ಮದ್ದನ್ನು ಒಟ್ಟಿಗೆ ಕೊಟ್ಟು, ಮೂರು ತಿಂಗಳಾದರೂ ಬಿಡದೆ ಮುಂದುವರಿಸಿರಿ. ಚಿಗಟದಿಂದ ನಾಯಿಗೆ ಲಾಡಿಹುಳವೂ ತಗಲುತ್ತದೆ. ಚಿಗಟ ಬಾಯಿಗೆ ಹೋದರೆ ಚಿಕ್ಕ ಮಕ್ಕಳಿಗೂ ಬರಬಹುದು. ಹುಳದ ಮದ್ದನ್ನೂ ಜತೆಗೆ ಕೇಳಿರಿ.

ಯಾರಾದರೂ ತಿಳಿಯದೆ ತೋಟದ ಮದ್ದು ಹಚ್ಚಿ, ನಾಯಿ ಜೊಲ್ಲು ಸುರಿಸಿ ನಡುಗತೊಡಗಿದರೆ, ಕೈಗೆ ಗ್ಲೌಸು ಹಾಕಿ ಸಾಬೂನು ನೀರಿನಿಂದ ಅದರ ಮೈ ತೊಳೆಯಿರಿ. ಬಾಟಲಿಯನ್ನೂ ತೆಗೆದುಕೊಂಡು ಕೂಡಲೇ ಮೃಗಾಸ್ಪತ್ರೆಗೆ ಹೋಗಿರಿ. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ಆಗುತ್ತದೆ.