ಬೂದು ಗೋಡೆಯ ಹಿಂದೊಂದು ಬಣ್ಣದ ಲೋಕ!

ಮಿಲಾನ್ ನಗರದ ಕೊರ್ಸೊ ಮಜೆಂತಾ ಬೀದಿ. ಟ್ರಾಮುಗಳ ಓಡಾಟದ ನಡುವೆ ಸಾನ್ ಮೌರಿಟ್ಸಿಯೊ ಚರ್ಚು ಕಣ್ಣಿಗೆ ಬೀಳುವುದೇ ಕಷ್ಟ. ಬೂದು ಕಲ್ಲಿನ ಮುಂಗೋಡೆ, ತಲೆಯೆತ್ತಿ ನೋಡುವಂಥದ್ದೇನೂ ಇಲ್ಲ. ಆದರೆ ಒಮ್ಮೆ ಒಳಗೆ ಕಾಲಿಡಿ. ಅಬ್ಬಬ್ಬಾ! ಗೋಡೆ, ಕಮಾನು, ಅಕ್ಕಪಕ್ಕದ ಚಾಪೆಲ್‌ಗಳು, ಎಲ್ಲಿ ನೋಡಿದರಲ್ಲಿ ಚಿತ್ರ! ಅಂಗೈಯಗಲ ಜಾಗವನ್ನೂ ಖಾಲಿ ಬಿಟ್ಟಂತಿಲ್ಲ.

1503ರಲ್ಲಿ ಕಟ್ಟಲು ಶುರುವಾದ ಇದು ಬೆನೆಡಿಕ್ಟೈನ್ ಸನ್ಯಾಸಿನಿಯರ ಮಠದ ಚರ್ಚು. ಸೋಜಿಗವೆಂದರೆ ನಟ್ಟನಡುವೆ ಒಂದು ಅಡ್ಡಗೋಡೆ! ಈಚೆಗೆ ಊರ ಭಕ್ತರು, ಆಚೆಗೆ ಮಠದ ಹೊಸ್ತಿಲು ದಾಟದ ಸನ್ಯಾಸಿನಿಯರು. ಪರಮಪ್ರಸಾದವೂ ಅವರ ಕೈಸೇರುತ್ತಿದ್ದುದು ಗೋಡೆಯ ಪುಟ್ಟ ಕಿಂಡಿಯಿಂದಲೇ.

1520ರ ದಶಕದಲ್ಲಿ ಈ ಅಡ್ಡಗೋಡೆಗೆ ಬಣ್ಣ ತುಂಬಿದವನು ಬರ್ನಾರ್ದಿನೊ ಲುಯಿನಿ. ಚಿತ್ರ ಬರೆಸಿದವರು ಅಲೆಸ್ಸಾಂದ್ರೊ ಬೆಂತಿವೊಲಿಯೊ ಮತ್ತು ಇಪ್ಪೊಲಿತಾ ಸ್ಫೋರ್ತ್ಸಾ ದಂಪತಿ. ಭಕ್ತರ ಕಡೆ ಮಂಡಿಯೂರಿ ಕುಳಿತಿರುವ ಇಬ್ಬರನ್ನೂ ಇಂದಿಗೂ ನೋಡಬಹುದು. ಅವರ ಮಗಳು ಅಲೆಸ್ಸಾಂದ್ರಾ ಇದ್ದದ್ದೆಲ್ಲಿ ಗೊತ್ತೇ? ಅದೇ ಗೋಡೆಯಾಚೆ, ಸನ್ಯಾಸಿನಿಯಾಗಿ! ಅಪ್ಪ ಅಮ್ಮ ಈಚೆ ಚಿತ್ರವಾಗಿ, ಮಗಳು ಆಚೆ ಪ್ರಾರ್ಥನೆಯಲ್ಲಿ.

ಆಚೆ ಬದಿಗೂ ಹೋಗಿ. ಅಲ್ಲಿ ಲುಯಿನಿಯ ಮಗ ಔರೆಲಿಯೊ ಬರೆದ ನೋಹನ ನಾವೆಗೆ ಪ್ರಾಣಿಗಳು ಜೋಡಿ ಜೋಡಿಯಾಗಿ ಹೊರಟಿವೆ. ಗುಂಪಿನಲ್ಲಿ ಒಂಟಿಕೊಂಬಿನ ಕುದುರೆಗಳೂ ಎರಡಿವೆ! ಮೇಲೆ 1554ರ ಆರ್ಗನ್.

ಇದೇ ಬೀದಿಯ ಇನ್ನೊಂದೆಡೆ ಲಿಯೊನಾರ್ಡೊನ 'ಕೊನೆಯ ಭೋಜನ'ವಿದೆ. ಅದರ ಮುಂದೆ ಹದಿನೈದೇ ನಿಮಿಷ ನಿಲ್ಲಲು ಜನ ಮುಂಗಡ ಟಿಕೆಟ್‌ಗೆ ಮುಗಿಬೀಳುತ್ತಾರೆ. ಆ ಮಹಾಶಯ ಒಣಗೋಡೆಯ ಮೇಲೆ ಬರೆದ. ಅವನು ಬದುಕಿದ್ದಾಗಲೇ ಬಣ್ಣ ಉದುರತೊಡಗಿತು. ಲುಯಿನಿ ಹಿಡಿದದ್ದು ಫ್ರೆಸ್ಕೊ ದಾರಿ: ಸುಣ್ಣದ ಗಾರೆ ಹಸಿಯಿದ್ದಾಗಲೇ ಬಣ್ಣ ಹಚ್ಚಬೇಕು. ಗಾರೆ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೇ ಕಟ್ಟಿಹಾಕುತ್ತದೆ. ಐದು ಶತಮಾನ ಕಳೆದರೂ ಆ ಮುಖಗಳು ಹೊಳೆಯುವ ಗುಟ್ಟು ಇದೇ.

ಮಿಲಾನ್ ದೂರವಾಯಿತೇ? ಆ ನಗರವಿರುವ ಲೊಂಬಾರ್ಡಿ ಸೀಮೆಯ ಬೆರ್ಗಮೊದಲ್ಲಿ ಚಿತ್ರಕಲೆ ಕಲಿತ ಜೆಸ್ವಿಟ್ ಬ್ರದರ್ ಆಂತೊನಿಯೊ ಮೊಸ್ಕೇನಿ, 1899ರಿಂದ 1901ರವರೆಗೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಮಂಗಳೂರಿಗೆ ಹೋದಾಗ ಕಡಲ ತೀರಕ್ಕೆ ಓಡುವ ಮುನ್ನ ಅಲ್ಲೊಮ್ಮೆ ಕತ್ತೆತ್ತಿ ನೋಡಿ ಬನ್ನಿ.